ಕನಕಪುರದ ಗೂಡು, ಶಿಕಾಗೊದ ಜೋಳ

2009–10ರ ಸುಮಾರಿಗೆ ದಕ್ಷಿಣ ಕರ್ನಾಟಕದ ರೇಷ್ಮೆ ಬೆಳೆಗಾರರು ತಮ್ಮ ಹಿಪ್ಪುನೇರಳೆ ತೋಟಗಳಲ್ಲಿ ಹೊಸ ಪೀಡೆಯೊಂದನ್ನು ಕಂಡರು. ಕಡ್ಡಿಯ ತುದಿಗೆ ಹಿಟ್ಟು ಉದುರಿಸಿದಂತೆ ಬಿಳಿ ಮೆತ್ತು, ಅದರ ಕೆಳಗೆ ಮುರುಟಿದ ಎಲೆ, ಅಂಟಂಟಾದ ಕಾಂಡ, ಸುತ್ತ ಇರುವೆಗಳ ಸಾಲು. ಬೇರೆ ಬೆಳೆಯಾಗಿದ್ದರೆ ಅಂಗಡಿಯಿಂದ ಔಷಧಿ ತಂದು ಹೊಡೆಯಬಹುದಿತ್ತು. ಹಿಪ್ಪುನೇರಳೆಗೆ ಹಾಗೆ ಮಾಡಲಾಗದು. ಸೊಪ್ಪಿಗೆ ಬಿದ್ದ ವಿಷ ನೇರ ಹುಳುವಿನ ಹೊಟ್ಟೆಗೆ ಹೋಗುತ್ತದೆ.

ಅದು ಪಪಾಯ ಹಿಟ್ಟು ತಿಗಣೆ. ಹುಟ್ಟೂರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಭಾರತದಲ್ಲಿ ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನ ಕಡೆ. ಪಪಾಯ, ಮರಗೆಣಸು, ಹಿಪ್ಪುನೇರಳೆ ಹೀಗೆ ಸಿಕ್ಕಿದ್ದನ್ನೆಲ್ಲ ಹೀರುತ್ತ ಅದು ಗಡಿ ದಾಟಿ ಇತ್ತ ಬಂತು. ಅದನ್ನು ಹಿಡಿಯುವ ಬೇಟೆಗಾರನೂ ಅತ್ತ ಕಡೆಯಿಂದಲೇ ಬರಬೇಕಾಯಿತು. 2010ರಲ್ಲಿ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಿಂದ ಸಣ್ಣ ಪರತಂತ್ರ ಕಣಜಗಳನ್ನು ತರಿಸಿ, ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೇಂದ್ರದ ಕೃಷಿ ಕೀಟ ಸಂಸ್ಥೆಯಲ್ಲಿ ಪರೀಕ್ಷಿಸಿ, ಸಾಕಿ ತೋಟಗಳಿಗೆ ಬಿಟ್ಟರು. ಸಾಸಿವೆ ಕಾಳಿಗಿಂತ ಚಿಕ್ಕದಾದ ಆ ಕಣಜ ತಿಗಣೆಯ ಮೈಯೊಳಗೇ ಮೊಟ್ಟೆಯಿಡುತ್ತದೆ. ಕೆಲವೇ ತಿಂಗಳಲ್ಲಿ ಪೀಡೆ ಹತೋಟಿಗೆ ಬಂತು.

ಎರಡು ಅಮೆರಿಕ ಖಂಡಗಳ ಕೃಷಿಯ ಬಗ್ಗೆ ಕನಕಪುರದಲ್ಲಿ ಕೂತು ಮಾತಾಡುವುದು ಮೊದಲಿಗೆ ವಿಚಿತ್ರವೆನಿಸಬಹುದು. ಸಾತನೂರು, ಕೋಡಿಹಳ್ಳಿ, ಉಯ್ಯಂಬಳ್ಳಿ ಹೋಬಳಿಗಳ ಕೆಂಪು ಮಣ್ಣಿನಲ್ಲಿ ಬೆಳೆಯುವುದು ರಾಗಿ, ಹಿಪ್ಪುನೇರಳೆ, ಮಾವು, ತೆಂಗು, ಬಾಳೆ. ಮನೆ ನಡೆಸುವುದು ಹಾಲು. ಇದರಲ್ಲಿ ನೇರವಾಗಿ ಹಡಗು ಹತ್ತುವುದು ತೀರ ಕಡಿಮೆ. ಆದರೂ ಅಯೋವದ ಮುಸುಕಿನ ಜೋಳ (ಮೆಕ್ಕೆಜೋಳ), ಬ್ರೆಜಿಲ್‌ನ ಸೋಯಾ, ವಾಷಿಂಗ್ಟನ್‌ನ ಸುಂಕ, ಪೆರು ಕರಾವಳಿಯ ಸಮುದ್ರದ ಬಿಸಿ ಒಂದಲ್ಲ ಒಂದು ದಾರಿಯಿಂದ ಅರ್ಕಾವತಿ ಕಣಿವೆಗೆ ಬಂದು ಮುಟ್ಟುತ್ತವೆ. ಎಲ್ಲ ಬೆಳೆಗೂ ಒಂದೇ ಬಿರುಸಿನಲ್ಲಿ ಮುಟ್ಟುವುದಿಲ್ಲ. ರೈತನಿಗೂ ಲೋಕದ ದರಕ್ಕೂ ನಡುವೆ ಯಾರು ನಿಂತಿದ್ದಾರೆ ಎಂಬುದರ ಮೇಲೆ ಏಟಿನ ತೀವ್ರತೆ ನಿಂತಿದೆ. ಡೇರಿ ಸಂಘವೇ, ಸರ್ಕಾರದ ಖರೀದಿ ಕೇಂದ್ರವೇ, ಹರಾಜು ಕಟ್ಟೆಯೇ, ಇಲ್ಲವೇ ತೋಟಕ್ಕೇ ಬಂದು ಮುಂಗಡ ಕೊಟ್ಟು ಹೋಗುವ ವ್ಯಾಪಾರಿಯೇ? ಈ ಸೀಮೆಯ ಬೆಳೆಗಳನ್ನು ಒಂದೊಂದಾಗಿ ನೋಡಿದರೆ ವ್ಯತ್ಯಾಸ ತಾನೇ ಕಾಣುತ್ತದೆ.

ಹೇಳದೆ ಬಂದ ನೆಂಟರು

ಅಮೆರಿಕದ ನೆಂಟಸ್ತಿಕೆ ಹಳೆಯದು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಸೀಬೆ, ಪಪಾಯ, ಗೋಡಂಬಿ, ಮುಸುಕಿನ ಜೋಳ ಎಲ್ಲವೂ ಕೊಲಂಬಸ್‌ನ ನಂತರ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಇತ್ತ ಬಂದವು. ಮುದ್ದೆ ನಮ್ಮದೇ ಆದರೂ ಅದರ ಜೊತೆಗಿನ ಸಾರಿನ ಖಾರ ಆ ಕಡೆಯದು.

ಬೆಳೆಗಳು ಬಂದು ನಾಲ್ಕೈದು ಶತಮಾನವಾದ ಮೇಲೆ ಅವುಗಳ ಶತ್ರುಗಳು ಹಿಂದೆಯೇ ಹುಡುಕಿಕೊಂಡು ಬಂದಂತೆ ಕಾಣುತ್ತದೆ. ಕಳೆದ ಎರಡು ದಶಕಗಳಲ್ಲಿ ಈ ಮೆರವಣಿಗೆ ಜೋರಾಗಿದೆ. ಪಪಾಯ ಹಿಟ್ಟು ತಿಗಣೆ 2008ರಲ್ಲಿ. ದಕ್ಷಿಣ ಅಮೆರಿಕದ ಟೊಮೆಟೊ ಊಜಿ 2014ರಲ್ಲಿ ಮಹಾರಾಷ್ಟ್ರದಲ್ಲಿ ಕಾಣಿಸಿ, ಬೇಗನೆ ಕರ್ನಾಟಕದ ಟೊಮೆಟೊ ತಾಕುಗಳಿಗೆ ಇಳಿಯಿತು. ತೆಂಗಿನ ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆಯಿಡುವ ಬಿಳಿ ನೊಣವನ್ನು ವಿಜ್ಞಾನಿಗಳು 2004ರಲ್ಲಿ ಮಧ್ಯ ಅಮೆರಿಕದ ಬೆಲೀಜ್‌ನಿಂದ ವಿವರಿಸಿದ್ದರು. 2009ರಲ್ಲಿ ಅದು ಫ್ಲಾರಿಡಾ ಸೇರಿತು, 2016ರಲ್ಲಿ ಪೊಳ್ಳಾಚಿಗೆ ಬಂತು. ಅಲ್ಲಿಂದ ಹಳೆ ಮೈಸೂರಿನ ತೆಂಗಿಗೆ ಹಬ್ಬಲು ಹೆಚ್ಚು ದಿನ ಹಿಡಿಯಲಿಲ್ಲ. ನೊಣ ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಸ್ಟು ಬೆಳೆದು, ಗರಿಗೆ ಕಾಡಿಗೆ ಹಚ್ಚಿದಂತೆ ಆಗುತ್ತದೆ. ಮರ ಸಾಯುವುದಿಲ್ಲ, ಫಸಲು ಸೊರಗುತ್ತದೆ.

2018ರ ಮೇ ತಿಂಗಳಲ್ಲಿ ಫಾಲ್ ಸೈನಿಕ ಹುಳು ಬಂತು. ಭಾರತದಲ್ಲಿ ಅದು ಮೊದಲು ಸಿಕ್ಕಿದ್ದು ಕರ್ನಾಟಕದಲ್ಲೇ, ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ಅಮೆರಿಕದ ಹೊಲಗಳಲ್ಲಿ ಹುಟ್ಟಿದ ಈ ಹುಳು ಆಫ್ರಿಕ ದಾಟಿ ಇಲ್ಲಿಗೆ ಬರಲು ಎರಡೇ ವರ್ಷ ಸಾಕಾಯಿತು. ಒಂದೇ ಹಂಗಾಮಿನಲ್ಲಿ ಅದು ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಹಸುಗಳಿಗೆ ಹಸಿ ಮೇವಿಗೆಂದು ಅರ್ಧ ಎಕರೆ ಜೋಳ ಹಾಕಿದವರೂ ಸುಳಿಯೊಳಗೆ ಇಣುಕಿ ನೋಡುವುದನ್ನು ಕಲಿಯಬೇಕಾಯಿತು.

ವ್ಯಾಪಾರದ ಅಂಕಿಅಂಶಗಳಲ್ಲಿ ಈ ಆಮದು ಎಲ್ಲೂ ದಾಖಲಾಗುವುದಿಲ್ಲ. ಬಂದರಿನಲ್ಲಿ ಸುಂಕ ಕಟ್ಟದ ಈ ಸರಕಿನ ಖರ್ಚನ್ನು ರೈತನೇ ಭರಿಸುತ್ತಾನೆ. ಹಿಪ್ಪುನೇರಳೆಯ ವಿಷಯದಲ್ಲಿ ಸಂಸ್ಥೆಯೊಂದು ಮಧ್ಯೆ ನಿಂತು ಕಣಜ ತಂದುಕೊಟ್ಟದ್ದರಿಂದ ಹಾನಿ ಒಂದೆರಡು ವರ್ಷಕ್ಕೆ ಮುಗಿಯಿತು. ತೆಂಗಿನ ಬಿಳಿ ನೊಣದ ಪರತಂತ್ರ ಕಣಜ ತಾನಾಗಿಯೇ ನೊಣದ ಜೊತೆ ಬಂದಿದೆ. ಆದರೆ ಕಂಡಕಂಡಲ್ಲಿ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಅದೇ.

ಗೂಡಿನ ಲೆಕ್ಕ

ಬೆಂಗಳೂರಿನಿಂದ ಕನಕಪುರ ರಸ್ತೆಯಲ್ಲಿ ಹೊರಟರೆ ಹಸಿರು ಮಾರ್ಗದ ಮೆಟ್ರೊ ಮುಗಿಯುವ ನಿಲ್ದಾಣಕ್ಕೆ ‘ರೇಷ್ಮೆ ಸಂಸ್ಥೆ’ ಎಂದೇ ಹೆಸರು. ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆಯ ನೆನಪು ಅದು. ಅಲ್ಲಿಂದ ಮುಂದೆ ಬಡಾವಣೆಗಳ ಬೋರ್ಡುಗಳ ನಡುವೆ ಹಿಪ್ಪುನೇರಳೆಯ ಹಸಿರು ಹಾಳೆಗಳು ಇನ್ನೂ ಕಾಣಸಿಗುತ್ತವೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಬಂಗಾಳದಿಂದ ಹುಳು ತರಿಸಿ ಬೇರೂರಿದ ಈ ಕಸುಬಿಗೆ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿಗಳು ತವರಿದ್ದಂತೆ. ಮಾಗಡಿ ಮತ್ತು ಅದರ ಪಕ್ಕದ ಕುಣಿಗಲ್ ಸೀಮೆ ಅಪ್ಪಟ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದವು. 2007ರ ಆಗಸ್ಟ್‌ನಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಗೂಡಿನವರ ಬಾಯಲ್ಲಿ ಮಾತ್ರ ಅದು ಇಂದಿಗೂ ‘ರಾಮನಗರ ಮಾರ್ಕೆಟ್’.

ರೇಷ್ಮೆಗೂ ಅಮೆರಿಕಕ್ಕೂ ಮೊದಲ ಗಂಟು ಬಿದ್ದದ್ದು ಹೆಂಗಸರ ಕಾಲುಚೀಲದಿಂದ. 1920ರ ದಶಕದಲ್ಲಿ ಜಪಾನ್ ತಯಾರಿಸುತ್ತಿದ್ದ ಕಚ್ಚಾ ರೇಷ್ಮೆಯ ಬಹುಪಾಲನ್ನು ಕೊಳ್ಳುತ್ತಿದ್ದುದು ಅಮೆರಿಕ. 1929ರಲ್ಲಿ ಅಲ್ಲಿನ ಷೇರುಪೇಟೆ ಕುಸಿದು ಕೊಳ್ಳುವವರೇ ಇಲ್ಲದಾದಾಗ ರೇಷ್ಮೆಯ ದರ ಪಾತಾಳಕ್ಕಿಳಿಯಿತು. ಅಗ್ಗದ ಜಪಾನಿ ಮತ್ತು ಚೀನಿ ರೇಷ್ಮೆ ಭಾರತದ ಬಂದರುಗಳಿಗೆ ಹರಿದು ಬಂತು. ಮೈಸೂರು ಸಂಸ್ಥಾನದ ನೂಲು ಬಿಚ್ಚುವವರು ಕೈಚೆಲ್ಲಿದರು, ಸೊಪ್ಪಿನ ತೋಟ ಕಿತ್ತು ರಾಗಿ ಹಾಕಿದವರಾದರು. 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿತು, 1934ರಲ್ಲಿ ರಕ್ಷಣಾ ಸುಂಕ ಬಂತು. ಅದಾದ ಮೇಲೆ 1940ರಲ್ಲಿ ಅಮೆರಿಕದ ಅಂಗಡಿಗಳಿಗೆ ನೈಲಾನ್ ಕಾಲುಚೀಲ ಬಂದು ರೇಷ್ಮೆಯ ದೊಡ್ಡ ಗಿರಾಕಿ ಶಾಶ್ವತವಾಗಿ ಕೈತಪ್ಪಿತು. ಅದೇ ಹೊತ್ತಿಗೆ ಯುದ್ಧದ ಪ್ಯಾರಾಚೂಟ್‌ಗಳಿಗೆ ಬೇಡಿಕೆ ಹುಟ್ಟಿ ಮೈಸೂರಿನ ರೇಷ್ಮೆ ಉಸಿರಾಡಿತು.

ಇಂದಿನ ನೆರಳು ಚೀನಾದ್ದು. 2023–24ರಲ್ಲಿ ಭಾರತ ಉತ್ಪಾದಿಸಿದ ಒಟ್ಟು ಕಚ್ಚಾ ರೇಷ್ಮೆ 38,913 ಟನ್. ಅದರಲ್ಲಿ ಕರ್ನಾಟಕದ ಪಾಲು 12,463 ಟನ್, ಅಂದರೆ ಶೇ 32. ಲೋಕದಲ್ಲಿ ಚೀನಾದ ನಂತರದ ಸ್ಥಾನ ಭಾರತದ್ದು. ನಮ್ಮ ಮಗ್ಗಗಳಿಗೆ ಬೇಕಾದಷ್ಟು ಇನ್ನೂ ಇಲ್ಲೇ ಸಿಗದಿರುವುದರಿಂದ ಆಮದು ನಿಂತಿಲ್ಲ. ಆಮದಿನ ನಲ್ಲಿಯನ್ನು ತಿರುಗಿಸುವುದು ದೆಹಲಿಯ ಬಜೆಟ್. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ದರ ಕುಸಿದು ಬೆಳೆಗಾರರು ಬೀದಿಗಿಳಿದರು. 2021ರ ಬಜೆಟ್‌ನಲ್ಲಿ ಅದೇ ಸುಂಕ ಶೇ 10ರಿಂದ ಶೇ 15ಕ್ಕೆ ಏರಿತು.

ಸುಂಕದ ಈ ಏರಿಳಿತ ಮನೆಯ ಜೇಬಿಗೆ ಇಳಿಯುವ ಬಗೆಯನ್ನು ಸರಳ ಲೆಕ್ಕದಲ್ಲಿ ನೋಡಬಹುದು. ಒಂದು ಕಿಲೊ ರೇಷ್ಮೆ ಬಿಚ್ಚಲು ಒಳ್ಳೆಯ ದ್ವಿತಳಿ ಗೂಡು ಸುಮಾರು 7 ಕಿಲೊ ಬೇಕು. ರೇಷ್ಮೆಯ ದರ ಕಿಲೊಗೆ 500 ರೂಪಾಯಿ ಇಳಿದರೆ, ನೂಲು ಬಿಚ್ಚುವ ರೀಲರ್ ತನ್ನ ನಷ್ಟವನ್ನು ಗೂಡಿನ ಮೇಲೆ ಹಾಕಿ ಕಿಲೊಗೆ 70 ರೂಪಾಯಿ ಕಡಿಮೆ ಕೂಗುತ್ತಾನೆ. ನೂರು ಚಿಟ್ಟೆಗಳ ಮೊಟ್ಟೆಯ ಹುಳು ಮೇಯಿಸಿ 65 ಕಿಲೊ ಗೂಡು ತೆಗೆದ ಮನೆಗೆ ಆ ಒಂದು ಬೆಳೆಯಲ್ಲೇ ನಾಲ್ಕೂವರೆ ಸಾವಿರ ರೂಪಾಯಿ ಖೋತಾ. ಚಾಕಿ ಕೇಂದ್ರದಿಂದ ಮರಿಹುಳು ತಂದು, ಪೊರೆ ಬಿಡುವ ಪ್ರತಿ ಜ್ವರಕ್ಕೊಮ್ಮೆ ಹಾಸಿಗೆ ಸ್ವಚ್ಛ ಮಾಡಿ, ನಾಲ್ಕನೇ ಜ್ವರದಿಂದ ಎದ್ದ ಹುಳುಗಳ ಹಸಿವಿಗೆ ರಾತ್ರಿಹಗಲು ಸೊಪ್ಪು ಸುರಿದು, ಹಣ್ಣಾದ ಹುಳುಗಳನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವವರೆಗಿನ ಕೂಲಿ ಆ ಲೆಕ್ಕದಲ್ಲಿ ಬರುವುದಿಲ್ಲ.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಮಾರುಕಟ್ಟೆಯಲ್ಲಿ ಹರಾಜು ಈಗ ಆನ್‌ಲೈನ್. ಗೂಡು ತೂಗಿ ಲಾಟ್ ಸಂಖ್ಯೆ ಬಿದ್ದ ಮೇಲೆ ರೀಲರ್‌ಗಳು ಸುತ್ತಾಡಿ, ಹಿಡಿ ಗೂಡು ಎತ್ತಿ ಅಲ್ಲಾಡಿಸಿ, ಮೂಗಿಗೆ ಹಿಡಿದು ನೋಡಿ, ಮೊಬೈಲ್‌ನಲ್ಲಿ ದರ ಒತ್ತುತ್ತಾರೆ. ದರ ಒಪ್ಪಿಗೆಯಾಗದಿದ್ದರೆ ರೈತ ಬೇಡ ಎನ್ನಬಹುದು, ಮುಂದಿನ ಸುತ್ತಿಗೆ ಕಾಯಬಹುದು. ತಮಿಳುನಾಡು, ಆಂಧ್ರದಿಂದಲೂ ಗೂಡಿನ ಚೀಲಗಳು ಇಲ್ಲಿಗೆ ಬರುವುದು ಈ ಬಹಿರಂಗ ಪೈಪೋಟಿಯ ಭರವಸೆಯಿಂದ. ಕನಕಪುರಕ್ಕೂ ತನ್ನದೇ ಸರ್ಕಾರಿ ಗೂಡಿನ ಮಾರುಕಟ್ಟೆ ಇದೆ. ಚನ್ನಪಟ್ಟಣದ ವಂದಾರಗುಪ್ಪೆ ಬಳಿ ಹೈಟೆಕ್ ಮಾರುಕಟ್ಟೆಯ ಯೋಜನೆ ರೂಪುಗೊಂಡಿದೆ. ಆದರೆ ಹರಾಜಿನ ಕಟ್ಟೆ ಮೋಸವನ್ನು ತಡೆಯಬಲ್ಲದು, ಕುಸಿತವನ್ನು ತಡೆಯಲಾರದು. 2020ರ ಲಾಕ್‌ಡೌನ್‌ನಲ್ಲಿ ಮಗ್ಗಗಳು ನಿಂತು ಗೂಡಿನ ದರ ನೆಲ ಕಚ್ಚಿದಾಗ ಅದು ಎಲ್ಲರಿಗೂ ಕಂಡಿತು. ಗೂಡನ್ನು ಮನೆಯಲ್ಲಿಟ್ಟು ದರಕ್ಕಾಗಿ ಕಾಯುವ ಮಾತೂ ಇಲ್ಲ. ವಾರ, ಹತ್ತು ದಿನ ಕಳೆದರೆ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತದೆ.

ಪರಾನಾದ ಹುಳುಮನೆ

ಇದೇ ಕಸುಬು ಬ್ರೆಜಿಲ್‌ನ ದಕ್ಷಿಣದ ಪರಾನಾ ರಾಜ್ಯದಲ್ಲೂ ನಡೆಯುತ್ತದೆ. ಜಪಾನಿನಿಂದ ವಲಸೆ ಹೋದವರು ಅಲ್ಲಿ ಹಿಪ್ಪುನೇರಳೆ ನೆಟ್ಟರು. ಅವರೇ ಕಟ್ಟಿದ ಬ್ರಾಟಾಕ್ ಎಂಬ ಕಂಪನಿ ಇಂದು ಆ ದೇಶದ ರೇಷ್ಮೆಯನ್ನೆಲ್ಲ ಹೆಚ್ಚುಕಡಿಮೆ ತಾನೇ ಬಿಚ್ಚುತ್ತದೆ. ಪ್ರಮಾಣ ವರ್ಷಕ್ಕೆ ಕೆಲವು ನೂರು ಟನ್ ಮಾತ್ರ, ಕರ್ನಾಟಕದ ಉತ್ಪಾದನೆಯ ಪಕ್ಕದಲ್ಲಿ ಕೊಸರು. ದರ್ಜೆ ಮಾತ್ರ ಲೋಕದ ಅತ್ಯುತ್ತಮವಾದುದರ ಸಾಲಿನದು. ಪ್ಯಾರಿಸ್ಸಿನ ಹರ್ಮೆಸ್‌ನ ದುಬಾರಿ ಸ್ಕಾರ್ಫ್‌ಗಳ ನೂಲು ಅಲ್ಲಿಂದಲೇ ಹೋಗುತ್ತದೆ.

ಅಲ್ಲಿ ಹರಾಜಿಲ್ಲ. ಕಂಪನಿಯೇ ಚಾಕಿ ಹುಳು ಕೊಡುತ್ತದೆ, ತಾಂತ್ರಿಕ ಸಲಹೆಗಾರರನ್ನು ಕಳಿಸುತ್ತದೆ, ಗುಣಮಟ್ಟ ಅಳೆದು ಗೂಡನ್ನು ತಾನೇ ಕೊಳ್ಳುತ್ತದೆ. ದರದ ಜೂಜಿನಿಂದ ರೈತನಿಗೆ ಬಿಡುಗಡೆ ಸಿಕ್ಕಿದೆ. ಬೇರೆ ಗಿರಾಕಿಯನ್ನು ಹುಡುಕುವ ಸ್ವಾತಂತ್ರ್ಯ ಹೋಗಿದೆ. ರಾಮನಗರದಲ್ಲಿ ಬೆಳಗ್ಗೆ ಬಂದ ರೈತನ ಎದುರಿಗೆ ಹತ್ತಾರು ರೀಲರ್‌ಗಳಿದ್ದಾರೆ, ನಾಳೆಯ ದರದ ಖಾತರಿ ಇಲ್ಲ. ಪರಾನಾದ ರೈತನಿಗೆ ದರದ ಖಾತರಿ ಇದೆ, ಎದುರಿಗೆ ಒಬ್ಬನೇ ಗಿರಾಕಿ.

ಪರಾನಾದ ರೇಷ್ಮೆಯವರನ್ನು ಕಾಡುವ ಇನ್ನೊಂದು ಸಂಕಟವಿದೆ. ಸುತ್ತ ಸೋಯಾ ಮತ್ತು ಕಬ್ಬಿನ ಹೊಲಗಳು ಹಬ್ಬಿವೆ. ಅಲ್ಲಿ ವಿಮಾನದಿಂದಲೂ ಟ್ರ್ಯಾಕ್ಟರ್‌ನಿಂದಲೂ ಸಿಂಪಡಿಸುವ ಕೀಟನಾಶಕ ಗಾಳಿಯಲ್ಲಿ ತೇಲಿ ಬಂದು ಹಿಪ್ಪುನೇರಳೆಯ ಮೇಲೆ ಕೂರುತ್ತದೆ, ಹುಳುಮನೆ ಖಾಲಿಯಾಗುತ್ತದೆ. ಪಕ್ಕದ ತೋಟದವರು ಮಾವಿಗೆ ಔಷಧಿ ಹೊಡೆಯುವ ದಿನ ಸೊಪ್ಪು ಕೊಯ್ಯದೆ ಹೆದರಿ ಕೂರುವ ಕನಕಪುರದವರಿಗೆ ಈ ಕತೆ ಬಿಡಿಸಿ ಹೇಳಬೇಕಿಲ್ಲ.

ಹಿಂಡಿಯ ದಾರಿ

ಬ್ರೆಜಿಲ್‌ನ ಹುಳುವನ್ನು ಅಂಚಿಗೆ ತಳ್ಳುತ್ತಿರುವ ಆ ಸೋಯಾವೇ ಇಲ್ಲಿನ ಕೊಟ್ಟಿಗೆಗೂ ಅಡುಗೆಮನೆಗೂ ದಾರಿ ಮಾಡಿಕೊಂಡಿದೆ. ಲೋಕದ ಸೋಯಾದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಬೆಳೆಯುವುದು ಬ್ರೆಜಿಲ್, ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಅರ್ಜೆಂಟೀನಾಗಳಲ್ಲಿ. ಬ್ರೆಜಿಲ್‌ನ ಫಸಲು ವರ್ಷಕ್ಕೆ 15 ಕೋಟಿ ಟನ್ ದಾಟಿದೆ. ಮುಸುಕಿನ ಜೋಳದಲ್ಲಿ ಅಮೆರಿಕವೇ ದೊಡ್ಡಣ್ಣ: 2023ರಲ್ಲಿ ಅಲ್ಲಿ ಸುಮಾರು 39 ಕೋಟಿ ಟನ್ ಬೆಳೆದರು. ಅದರ ಮೂರನೇ ಒಂದು ಭಾಗದಷ್ಟು ಎಥೆನಾಲ್ ಕಾರ್ಖಾನೆಗಳಿಗೆ ಹೋಗುತ್ತದೆ.

ಈ ಎರಡು ಕಾಳಿನ ದರ ಶಿಕಾಗೊದ ವಾಯಿದಾ ಪೇಟೆಯಲ್ಲಿ ನಿಗದಿಯಾಗುತ್ತದೆ. ಅಲ್ಲಿನ ಏರಿಳಿತಕ್ಕೆ ದೊಡ್ಡ ಕಾರಣ ಚೀನಾದ ಖರೀದಿ. 2018ರ ಸುಂಕ ಸಮರದಲ್ಲಿ ಚೀನಾ ಅಮೆರಿಕದ ಸೋಯಾಕ್ಕೆ ಶೇ 25 ಸುಂಕ ಹಾಕಿ ಬ್ರೆಜಿಲ್ ಕಡೆ ತಿರುಗಿತು. 2025ರ ಸುಗ್ಗಿಯಲ್ಲೂ ಹಾಗೇ ಆಯಿತು; ಅಕ್ಟೋಬರ್ 30ರಂದು ಕೊರಿಯಾದ ಬುಸಾನ್‌ನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದ ಮೇಲೆ ಖರೀದಿ ಮತ್ತೆ ಶುರುವಾಗುವ ಮಾತಾಯಿತು. ಒಬ್ಬರು ಕೊಳ್ಳದೆ ಬಿಟ್ಟ ಸೋಯಾ ಇನ್ನೊಬ್ಬರ ಬಂದರಿಗೆ ಅಗ್ಗವಾಗಿ ಹೊರಳುತ್ತದೆ. ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. 2024–25ರ ಎಣ್ಣೆ ವರ್ಷದಲ್ಲಿ ಸೋಯಾ ಎಣ್ಣೆಯ ಆಮದು 50 ಲಕ್ಷ ಟನ್ ದಾಟಿತು. ಅದರ ದೊಡ್ಡ ಪಾಲು ಬಂದದ್ದು ಅರ್ಜೆಂಟೀನಾದಿಂದ. ಅಲ್ಲಿನ ಎಣ್ಣೆ ಗಿರಣಿಗಳ ಕೇಂದ್ರವಾದ ರೊಸಾರಿಯೊ ಇರುವುದೂ ಪರಾನಾ ಎಂಬ ನದಿಯ ದಡದಲ್ಲೇ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಬೆಳೆದು ಗಾಣಕ್ಕೆ ಕೊಡುತ್ತಿದ್ದ ಮನೆಗಳಲ್ಲಿ ಈಗ ಪ್ಯಾಕೆಟ್ ಎಣ್ಣೆ ಸುರಿಯುತ್ತಾರೆ.

ಕೊಟ್ಟಿಗೆಯ ಕತೆ ಇನ್ನೂ ಹತ್ತಿರದ್ದು. ಕನಕಪುರ ತಾಲ್ಲೂಕಿನಲ್ಲಿ ಮಳೆ ಕೈಕೊಟ್ಟ ವರ್ಷವೂ ವಾರದ ಖರ್ಚು ತೂಗಿಸುವುದು ಡೇರಿಯ ಬಟವಾಡೆ. ಇಲ್ಲಿನ ಹಾಲು ಬೆಂಗಳೂರು ಹಾಲು ಒಕ್ಕೂಟಕ್ಕೆ ಸೇರುತ್ತದೆ. ತಾಲ್ಲೂಕಿನ ಶಿವನಹಳ್ಳಿಯಲ್ಲಿ ಒಕ್ಕೂಟದ ದೊಡ್ಡ ಹಾಲು ಉತ್ಪನ್ನ ಘಟಕವಿದೆ. ಲೀಟರ್‌ಗೆ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ 2 ರೂಪಾಯಿಯಿಂದ ಶುರುವಾಗಿ, 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. 2024ರ ಜೂನ್ ಕೊನೆಯಲ್ಲಿ ರಾಜ್ಯದ ಹಾಲು ಮಹಾಮಂಡಳ ಕೆಎಂಎಫ್‌ನ ದಿನದ ಸಂಗ್ರಹ ಒಂದು ಕೋಟಿ ಲೀಟರ್ ಮುಟ್ಟಿತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರ್‌ಗೆ 4 ರೂಪಾಯಿ ಏರಿತು.

ಮಾರುವ ದರವನ್ನು ಸಂಘ ಹಿಡಿದು ನಿಲ್ಲಿಸುತ್ತದೆ. ಕೊಳ್ಳುವ ಹಿಂಡಿಯ ದರವನ್ನು ಯಾರೂ ಹಿಡಿದಿಲ್ಲ. ಪಶು ಆಹಾರದ ಚೀಲದೊಳಗಿರುವುದು ಜೋಳ, ಅಕ್ಕಿ ತೌಡು, ಹತ್ತಿಕಾಳು ಹಿಂಡಿ, ಸೋಯಾ ಹಿಂಡಿ. 2021ರಲ್ಲಿ ಸೋಯಾ ಹಿಂಡಿ ಗಗನಕ್ಕೇರಿ ಕೋಳಿ ಫಾರಂಗಳು ಕೂಗೆಬ್ಬಿಸಿದಾಗ ಕೇಂದ್ರ ಸರ್ಕಾರ ಆ ಆಗಸ್ಟ್‌ನಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲು ಮೊದಲ ಬಾರಿಗೆ ಒಪ್ಪಿಗೆ ಕೊಟ್ಟಿತು. ನಂತರ ನಮ್ಮಲ್ಲೂ ಜೋಳದಿಂದ ಎಥೆನಾಲ್ ತೆಗೆಯುವ ಕಾರ್ಖಾನೆಗಳು ಹೆಚ್ಚಿ, 2024ರಲ್ಲಿ ಭಾರತವೇ ಜೋಳ ಆಮದು ಮಾಡಿಕೊಳ್ಳುವಂತಾಯಿತು. ಕಾರಿನ ಟ್ಯಾಂಕು ಮತ್ತು ಹಸುವಿನ ಗೋದಲಿ ಒಂದೇ ಕಾಳಿಗೆ ಪೈಪೋಟಿಗಿಳಿದವು.

ಅಮೆರಿಕದ ಡೇರಿಯೊಂದಿಗೆ ನೇರ ಹಣಾಹಣಿ ಇನ್ನೂ ಆಗಿಲ್ಲ. ಅಲ್ಲಿ ಒಂದು ಫಾರಂನಲ್ಲಿ ಸರಾಸರಿ 300ಕ್ಕೂ ಹೆಚ್ಚು ಹಸುಗಳು. ಇಲ್ಲಿ ಒಂದು ಮನೆಯಲ್ಲಿ ಎರಡು, ಮೂರು. ಪ್ರಾಣಿಜನ್ಯ ಆಹಾರ ತಿನ್ನಿಸದ ಹಸುವಿನ ಹಾಲೇ ಆಗಿರಬೇಕೆಂಬ ಪ್ರಮಾಣಪತ್ರವನ್ನು ಭಾರತ ಕೇಳುತ್ತದೆ, ಅಮೆರಿಕ ಅದನ್ನು ಹಲವು ವರ್ಷಗಳಿಂದ ಆಕ್ಷೇಪಿಸುತ್ತಿದೆ. 2019ರ ನವೆಂಬರ್‌ನಲ್ಲಿ ಭಾರತ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿದದ್ದಕ್ಕೂ ಹೈನುಗಾರರ ಆತಂಕ ಒಂದು ಮುಖ್ಯ ಕಾರಣ. ಆಗ ಎದುರಿಗಿದ್ದದ್ದು ನ್ಯೂಜಿಲೆಂಡ್.

ರಾಗಿ ದೂರ ನಿಂತಿದೆ

ಶಿಕಾಗೊದಲ್ಲಿ ರಾಗಿಗೆ ದರವಿಲ್ಲ. ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ಬಂದ ಈ ಕಾಳನ್ನು ಅಮೆರಿಕದಲ್ಲಿ ಕೇಳುವವರು ಅಲ್ಲಿ ನೆಲೆಸಿದ ಕನ್ನಡದ, ತೆಲುಗು–ತಮಿಳಿನ ಮನೆಗಳವರು ಮಾತ್ರ. ಲೋಕದ ಪೇಟೆಯ ಕಣ್ಣಿಗೆ ಬೀಳದಿರುವುದೇ ರಾಗಿಗೆ ಒಂದು ರಕ್ಷಣೆ. ದರ ನಿಲ್ಲಿಸುವುದು ಬೆಂಬಲ ಬೆಲೆ: 2018–19ರಲ್ಲಿ ಕ್ವಿಂಟಲ್‌ಗೆ 2,897 ರೂಪಾಯಿ ಇದ್ದದ್ದು 2025–26ಕ್ಕೆ 4,886 ರೂಪಾಯಿ ಆಗಿದೆ. ಅದೇ ವರ್ಷದ ಭತ್ತದ ಬೆಲೆ 2,369. ಖರೀದಿ ಕೇಂದ್ರದಲ್ಲಿ ಕೊಂಡ ರಾಗಿ ಪಡಿತರ ಅಂಗಡಿಗೆ ಬಂದು ಇದೇ ರಾಜ್ಯದ ಮುದ್ದೆಯಾಗುತ್ತದೆ. ನೋಂದಣಿಯ ಸಾಲು, ಚೀಲದ ಕೊರತೆ, ಎಕರೆಗಿಷ್ಟೇ ಎಂಬ ಮಿತಿ, ಹಣ ಬರುವ ತಡ ಇವೆಲ್ಲ ಪ್ರತಿ ವರ್ಷದ ತಕರಾರು. ಆದರೂ ದರದ ತಳ ಗಟ್ಟಿಯಾಗಿದೆ.

ಇಳುವರಿಯ ಹಿಂದೆ ಇಲ್ಲಿನದೇ ವಿಜ್ಞಾನವಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ‘ರಾಗಿ’ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ ‘ಇಂಡಾಫ್’ ಸರಣಿಯನ್ನು ಕೊಟ್ಟರು. ಬೆಂಕಿ ರೋಗ ತಡೆಯುವ ಜಿಪಿಯು–28 ಬಂದ ಮೇಲೆ ಮಳೆಯಾಶ್ರಿತ ಹೊಲದವರ ಕೈ ಇನ್ನಷ್ಟು ಬಲವಾಯಿತು.

ಪೇಟೆಯಿಂದ ತಪ್ಪಿಸಿಕೊಂಡ ರಾಗಿಯನ್ನು ಅಮೆರಿಕ ಬೇರೊಂದು ದಿಕ್ಕಿನಿಂದ ಹಿಡಿಯುತ್ತದೆ. ಪೆರು ಕರಾವಳಿಯ ಮೀನುಗಾರರು ಕ್ರಿಸ್‌ಮಸ್ ಹೊತ್ತಿಗೆ ಸಮುದ್ರ ಬಿಸಿಯೇರುವುದನ್ನು ಕಂಡು ಇಟ್ಟ ಹೆಸರು ಎಲ್ ನಿನ್ಯೊ. 2023ರಲ್ಲಿ ಆ ಬಿಸಿ ಮರಳಿದಾಗ ಮುಂಗಾರು ಸೊರಗಿತು; ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಬೆಂಬಲ ಬೆಲೆ ಎಷ್ಟಿದ್ದರೂ ಕಣಕ್ಕೆ ಕಾಳೇ ಬರದಿದ್ದರೆ ಅದು ಗೋಡೆಯ ಮೇಲಿನ ಅಂಕಿ. ಅಂಥ ವರ್ಷ ಕಾಳಿಗಿಂತ ಹುಲ್ಲಿಗೆ ಹೆಚ್ಚು ಬೇಡಿಕೆ. ರಾಗಿ ಹುಲ್ಲಿನ ಮೆದೆ ಇದ್ದವನ ಹಸು ಉಳಿಯುತ್ತದೆ. ಕಾವೇರಿ ವನ್ಯಧಾಮದ ಅಂಚಿನ ಹಳ್ಳಿಗಳಲ್ಲಿ ಉಳಿದಷ್ಟು ಫಸಲಿಗೆ ಆನೆಗಳ ಕಾಟ ಬೇರೆ.

ಮಾವಿನ ಕಾಗದಪತ್ರ

ಈ ಸೀಮೆಯ ಬೆಳೆಗಳಲ್ಲಿ ಅತಿ ಬಡಪಾಯಿ ಮಾವು. ಕೋಲಾರದ ನಂತರ ರಾಜ್ಯದಲ್ಲಿ ಹೆಚ್ಚು ಮಾವು ಬೆಳೆಯುವುದು ಈ ಜಿಲ್ಲೆಯಲ್ಲಿ. ಹಂಗಾಮಿನಲ್ಲಿ ಎಲ್ಲರಿಗಿಂತ ಮೊದಲು ಪೇಟೆಗೆ ಬರುವುದೂ ಇಲ್ಲಿಂದಲೇ. ಬಾದಾಮಿ, ರಸಪುರಿ, ಸೇಂದೂರ ಹಣ್ಣಾಗಿ ಮಾರಾಟವಾದರೆ ತೋತಾಪುರಿಯ ಹಣೆಬರಹ ತಿರುಳಿನ ಕಾರ್ಖಾನೆಗಳ ಕೈಯಲ್ಲಿದೆ. 2025ರ ಜೂನ್‌ನಲ್ಲಿ ಅಂಥ ಕಾರ್ಖಾನೆಗಳಿರುವ ಆಂಧ್ರದ ಚಿತ್ತೂರು ಜಿಲ್ಲೆ ಕರ್ನಾಟಕದ ತೋತಾಪುರಿಗೆ ಬಾಗಿಲು ಹಾಕಿದಾಗ ದರ ಕುಸಿಯಿತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ಆಧಾರವಾಗಿಟ್ಟು 2.5 ಲಕ್ಷ ಟನ್‌ವರೆಗೆ ದರ ವ್ಯತ್ಯಾಸ ತುಂಬಿಕೊಡಲು ಒಪ್ಪಿತು.

ಅಮೆರಿಕಕ್ಕೆ ಕಳಿಸಿದರೆ ಒಳ್ಳೆಯ ದರ ಸಿಗುವುದಿಲ್ಲವೇ? ದಾರಿ 2007ರಲ್ಲೇ ತೆರೆದಿದೆ. ಆದರೆ ಹಣ್ಣನ್ನು ಮೊದಲು ಅಲ್ಲಿನ ಅಧಿಕಾರಿಗಳ ಕಣ್ಣೆದುರು ವಿಕಿರಣಕ್ಕೆ ಒಡ್ಡಬೇಕು, ಆಮೇಲೆ ವಿಮಾನದಲ್ಲಿ ಕಳಿಸಬೇಕು. 2025ರ ಮೇ ತಿಂಗಳಲ್ಲಿ ಮುಂಬೈ ಕಡೆಯಿಂದ ಹೋದ 15 ರವಾನೆಗಳನ್ನು ವಿಕಿರಣದ ಕಾಗದಪತ್ರ ಸರಿಯಿಲ್ಲವೆಂದು ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ತಡೆದರು. ಹಣ್ಣನ್ನು ಅಲ್ಲೇ ನಾಶ ಮಾಡಬೇಕಾಯಿತು. ಮೆಕ್ಸಿಕೊದವರು ಮಾವನ್ನು ಬಿಸಿನೀರಿನಲ್ಲಿ ಅದ್ದಿ ಲಾರಿಗೆ ಹೇರಿ ಗಡಿ ದಾಟಿಸುತ್ತಾರೆ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಮಾವಿನ ಬಹುಪಾಲು ಅವರದೇ. ಪೆರು, ಈಕ್ವೆಡಾರ್, ಬ್ರೆಜಿಲ್ ಸರದಿಯಂತೆ ಉಳಿದ ತಿಂಗಳುಗಳನ್ನು ತುಂಬುತ್ತವೆ. ರುಚಿಯಲ್ಲಿ ಬಾದಾಮಿಯ ಹತ್ತಿರಕ್ಕೂ ಬಾರದ ಹಣ್ಣು ಸಾಗಣೆಯಲ್ಲಿ ಗೆದ್ದಿದೆ.

ಕರ್ನಾಟಕದ ಮಣ್ಣಿನಿಂದ ಅಮೆರಿಕಕ್ಕೆ ಸದ್ದಿಲ್ಲದೆ ಹೋಗುತ್ತಿರುವ ತರಕಾರಿ ಇನ್ನೊಂದಿದೆ. ಅದು ಮಿಡಿಸೌತೆ. 1990ರ ದಶಕದ ಆರಂಭದಲ್ಲಿ ಇಲ್ಲೇ ಶುರುವಾದ ಈ ಗುತ್ತಿಗೆ ಬೇಸಾಯ ತುಮಕೂರು, ಹಾಸನ ಕಡೆಗಳಲ್ಲಿ ಬೆಳೆಯಿತು. 2020–21ರಲ್ಲಿ ಭಾರತ 2.23 ಲಕ್ಷ ಟನ್ ಸೌತೆ ಮತ್ತು ಮಿಡಿಸೌತೆ ರಫ್ತು ಮಾಡಿ 22.3 ಕೋಟಿ ಡಾಲರ್ ಗಳಿಸಿತು. ಕಂಪನಿಯೇ ಬೀಜ ಕೊಟ್ಟು, ಮೊದಲೇ ದರ ಹೇಳಿ, ಬೆರಳುದ್ದದ ಕಾಯಿಯನ್ನು ದಿನವೂ ಕೊಯ್ಸಿಕೊಂಡು ಉಪ್ಪಿನೀರಿನ ಪೀಪಾಯಿಗೆ ತುಂಬುತ್ತದೆ. ಪರಾನಾದ ರೇಷ್ಮೆಯ ಏರ್ಪಾಡಿಗೆ ಹತ್ತಿರದ ನಮ್ಮ ನೆಲದ ಉದಾಹರಣೆ ಇದು. ಬರ್ಗರ್ ಜೊತೆಗೆ ತಿನ್ನುವ ಈ ಉಪ್ಪಿನಕಾಯಿಗೆ ಅಮೆರಿಕ ದೊಡ್ಡ ಗಿರಾಕಿ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಬಹುತೇಕ ಸರಕಿಗೆ ಶೇ 50 ಸುಂಕ ಹಾಕಿದಾಗ ಇಂಥ ರಫ್ತಿನ ಬೆಳೆಗಳೇ ನೇರವಾಗಿ ಎದುರಿಗೆ ಸಿಕ್ಕವು. ಆ ನವೆಂಬರ್‌ನಲ್ಲಿ ಕಾಫಿ, ಚಹಾ, ಬಾಳೆ, ಮಾವು, ಕೆಲವು ಸಾಂಬಾರ ಪದಾರ್ಥಗಳಿಗೆ ಅಮೆರಿಕವೇ ವಿನಾಯಿತಿ ಕೊಟ್ಟಿತು. ಅಲ್ಲಿನ ಗ್ರಾಹಕರ ಕಾಫಿ ದುಬಾರಿಯಾಗಿತ್ತು.

ರಾಮನಗರದ ಗೂಡಿಗೆ ಈ ಸುಂಕದ ಬಿಸಿ ತಟ್ಟಿದ್ದು ಸುತ್ತುಬಳಸಿ. ಇಲ್ಲಿನ ನೂಲು ಹೆಚ್ಚಾಗಿ ಕಂಚಿ, ಆರಣಿ, ಧರ್ಮಾವರ, ಮೊಳಕಾಲ್ಮೂರಿನ ಮಗ್ಗಗಳಿಗೆ ಹೋಗಿ ನಮ್ಮದೇ ಮದುವೆಗಳ ಸೀರೆಯಾಗುತ್ತದೆ. 2023–24ರ ಇಡೀ ದೇಶದ ರೇಷ್ಮೆ ಸರಕಿನ ರಫ್ತು 2,027 ಕೋಟಿ ರೂಪಾಯಿ. ಒಳನಾಡಿನ ಸೀರೆ ಪೇಟೆಯ ಮುಂದೆ ಅದು ಸಣ್ಣದು. ಹಾಗಾಗಿ ಗೂಡಿನ ಮುಂದಿನ ದರವನ್ನು ಊಹಿಸುವವರು ವಾಷಿಂಗ್ಟನ್‌ಗಿಂತ ಹೆಚ್ಚಾಗಿ ದೆಹಲಿಯ ಶೇ 15 ಸುಂಕ ಉಳಿಯುತ್ತದೆಯೇ ಎಂಬುದನ್ನೂ ಮದುವೆಯ ಮುಹೂರ್ತಗಳನ್ನೂ ನೋಡುತ್ತಾರೆ.

ಮುಂದಿನ ಹಂಗಾಮು

ಮುಂದಿನ ಕೆಲವು ವರ್ಷಗಳಲ್ಲಿ ಈ ಸೀಮೆಗೆ ಅಮೆರಿಕದ ಗಾಳಿ ಜೋರಾಗಿ ಬೀಸಬಹುದಾದ ಕಿಟಕಿ ಪಶು ಆಹಾರದ್ದು. 2025ರ ವ್ಯಾಪಾರದ ಮಾತುಕತೆಯಲ್ಲಿ ಅಮೆರಿಕ ಭಾರತದ ಮುಂದೆ ಮತ್ತೆ ಮತ್ತೆ ಇಡುತ್ತಿದ್ದ ಪಟ್ಟಿಯಲ್ಲಿ ಜೋಳ, ಸೋಯಾ, ಎಥೆನಾಲ್ ಮತ್ತು ಎಥೆನಾಲ್ ತೆಗೆದ ಮೇಲೆ ಉಳಿಯುವ ಪ್ರೋಟೀನ್ ತುಂಬಿದ ಒಣ ಗಸಿ ಇದ್ದವು. ಆ ಗಸಿ ಅಲ್ಲಿ ಹಸು, ಕೋಳಿ, ಹಂದಿಗಳ ದಿನನಿತ್ಯದ ಮೇವು. 2025ರ ಆಗಸ್ಟ್ 7ರಂದು ದೆಹಲಿಯಲ್ಲಿ ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಜನ್ಮಶತಮಾನೋತ್ಸವದ ಸಮ್ಮೇಳನದಲ್ಲಿ ಮಾತಾಡಿದ ಪ್ರಧಾನಿ, ರೈತರು, ಹೈನುಗಾರರು ಮತ್ತು ಮೀನುಗಾರರ ಹಿತದಲ್ಲಿ ರಾಜಿಯಿಲ್ಲ ಎಂದರು. ಹೈನುಗಾರ ಮತ್ತು ಜೋಳದ ರೈತ ಆ ಒಂದೇ ಸಾಲಿನಲ್ಲಿ ಬಂದರು. ಹಿಂಡಿಯ ವಿಷಯದಲ್ಲಿ ಮಾತ್ರ ಅವರಿಬ್ಬರ ಹಿತ ಒಂದೇ ಅಲ್ಲ.

2025ರ ನವೆಂಬರ್‌ನಲ್ಲಿ ಅದು ಬಯಲಾಯಿತು. ಹಾವೇರಿ, ಗದಗ ಕಡೆಯ ರೈತರು ಮೆಕ್ಕೆಜೋಳ ಸುರಿದುಕೊಂಡು ರಸ್ತೆಯಲ್ಲಿ ಕೂತರು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇದ್ದರೂ ಪೇಟೆಯಲ್ಲಿ 1,600ರಿಂದ 1,800ಕ್ಕೆ ಕೇಳುತ್ತಿದ್ದರು. ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದು ಖರೀದಿ ಆರಂಭಿಸಿ, ಆಮದು ತಡೆಯಿರಿ ಎಂದು ಕೇಳಿದರು. ರಾಗಿಗಿದ್ದಂತೆ ಪಡಿತರದ ಬಾಗಿಲು ಜೋಳಕ್ಕಿಲ್ಲ. ಬೆಂಬಲ ಬೆಲೆ ಘೋಷಣೆಯಾದರೂ ಕೊಂಡು ಇಟ್ಟು ಏನು ಮಾಡುವುದೆಂಬ ಪ್ರಶ್ನೆ ಉಳಿಯುತ್ತದೆ. ಅದೇ ತಿಂಗಳು ಕನಕಪುರದ ಕೊಟ್ಟಿಗೆಗಳಲ್ಲಿ ಲೆಕ್ಕ ತಿರುಗಾಮುರುಗಾ: ಜೋಳ ಇಳಿದರೆ ಪಶು ಆಹಾರದ ಚೀಲದ ಬೆಲೆ ಏರದೆ ನಿಲ್ಲುತ್ತದೆ, ಡೇರಿಯ ಬಟವಾಡೆಯಲ್ಲಿ ಒಂದಿಷ್ಟು ಉಳಿಯುತ್ತದೆ. ಅಮೆರಿಕದ ಅಗ್ಗದ ಗಸಿಗೆ ಬಂದರು ತೆರೆದರೆ ಕೋಡಿಹಳ್ಳಿಯ ಹಾಲಿನವರಿಗೆ ಆಗುವ ಲಾಭವೂ ಹಾವೇರಿಯ ಜೋಳದವರಿಗೆ ಆಗುವ ನಷ್ಟವೂ ಒಂದೇ ಹಡಗಿನಲ್ಲಿ ಬರುತ್ತವೆ. ನಂದಿನಿಯ ಪಶು ಆಹಾರ ಘಟಕಗಳು ಕೊಳ್ಳುವ ಜೋಳ ಆ ರೈತರದ್ದೇ ಆಗಿರಬೇಕೆ, ಯಾವ ದರಕ್ಕೆ ಎಂಬ ತೀರ್ಮಾನ ಇನ್ನು ಮೇಲೆ ಪ್ರತಿ ಸುಗ್ಗಿಯಲ್ಲೂ ಬೆಂಗಳೂರಿನ ಮೇಜಿನ ಮೇಲೆ ಬರಲಿದೆ.